ನಮ್ಮ ಕಾರು ಯಾವುದು?



ಈಚೆಗೆ ನನ್ನ ಸೋದರಳಿಯ ಶಿವಮೊಗ್ಗಕ್ಕೆ ಬಂದಿದ್ದಾಗ, ಬಿ.ಎಚ್. ರಸ್ತೆಯ ಷೋರೂಮೊಂದರ ಮುಂದೆ ನಿಂತು, "ಮಾವ, ನೀವೇ ಹೇಳಿ. ನಮ್ಮ ದೇಶದ ಕಾರು ತಗೊಳ್ಳಲೋ, ವಿದೇಶಿ ಕಂಪನಿದೋ?" ಎಂದು ಕೇಳಿದ. ಭದ್ರಾವತಿಯ ಕಾರ್ಖಾನೆಯ ಸೈರನ್ನಿಗೆ ಗಡಿಯಾರ ಸರಿಪಡಿಸಿಕೊಂಡು ಬೆಳೆದವನು ನಾನು. ಆದರೂ ಉತ್ತರ ತಟ್ಟನೆ ಹೊಳೆಯಲಿಲ್ಲ.

ಭದ್ರಾವತಿಯಲ್ಲಿ ಕಬ್ಬಿಣದ ಕಾರ್ಖಾನೆಗೆ ಅಡಿಪಾಯ ಬಿದ್ದದ್ದು 1918ರಲ್ಲಿ, ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ. ಕೆಮ್ಮಣ್ಣುಗುಂಡಿಯ ಅದಿರು, ಮಲೆನಾಡಿನ ಕಾಡಿನ ಇದ್ದಿಲು. 1923ರಲ್ಲಿ ಕಬ್ಬಿಣ ಹರಿಯಿತು. ಅದರ ಹಿಂದಿದ್ದ ಸರ್ ಎಂ. ವಿಶ್ವೇಶ್ವರಯ್ಯನವರು ಅಷ್ಟಕ್ಕೇ ತೃಪ್ತರಾಗಲಿಲ್ಲ. 1935ರಲ್ಲಿ ಯೂರೋಪು, ಅಮೆರಿಕಗಳ ಮೋಟಾರು ಕಾರ್ಖಾನೆಗಳನ್ನು ನೋಡಿಬಂದು, ಭಾರತದಲ್ಲಿಯೇ ಕಾರು ತಯಾರಿಸುವ ಯೋಜನೆಯನ್ನು ಸಿದ್ಧಪಡಿಸಿದರು. ಉದ್ಯಮಿ ವಾಲ್‌ಚಂದ್ ಹೀರಾಚಂದರು ಕೈಜೋಡಿಸಿದರು. ಮೈಸೂರು ಸಂಸ್ಥಾನವೂ ಬೆಂಬಲಿಸಲು ಮುಂದಾಯಿತು. ಆದರೆ ಬ್ರಿಟಿಷ್ ಭಾರತ ಸರ್ಕಾರ ಸಹಕರಿಸಲಿಲ್ಲ. ಕೊನೆಗೆ ವಾಲ್‌ಚಂದರು 1944ರಲ್ಲಿ ಮುಂಬಯಿಯಲ್ಲಿ ಪ್ರೀಮಿಯರ್ ಸಂಸ್ಥೆಯನ್ನು ಸ್ಥಾಪಿಸಿದರು. ಮೈಸೂರಿನ ಕನಸು ಮೈಸೂರಿನಲ್ಲಿ ನನಸಾಗಲಿಲ್ಲ.

ಸ್ವಾತಂತ್ರ್ಯಾನಂತರ ಸರ್ಕಾರ, ಇಲ್ಲಿ ಬಿಡಿಭಾಗ ತಯಾರಿಸದೆ ಬರಿದೆ ಜೋಡಿಸುವ ಕಂಪನಿಗಳು ಬೇಡವೆಂದಿತು. 1950ರ ದಶಕದಲ್ಲಿ ಫೋರ್ಡ್, ಜನರಲ್ ಮೋಟಾರ್ಸ್‌ಗಳು ಹೊರಟುಹೋದವು. ನಾವು 'ಸ್ವದೇಶಿ' ಎಂದು ಹೆಮ್ಮೆಪಟ್ಟ ಅಂಬಾಸಿಡರ್ ಮೂಲತಃ ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್. ಪದ್ಮಿನಿ ಇಟಲಿಯ ಫಿಯೆಟ್. 1983ರ ಮಾರುತಿಗೆ ಜಪಾನಿನ ಸುಜುಕಿಯ ತಂತ್ರಜ್ಞಾನ. ಪೈಪೋಟಿಯಿಲ್ಲದ ರಕ್ಷಣೆಯಲ್ಲಿ ಅಂಬಾಸಿಡರ್ ದಶಕಗಳ ಕಾಲ ಹೆಚ್ಚು ಬದಲಾಗದೆಯೇ ಉಳಿಯಿತು, 2014ರಲ್ಲಿ ನಿಂತುಹೋಯಿತು. ಟಾಟಾದವರು 1998ರಲ್ಲಿ ಇಂಡಿಕಾವನ್ನು ಹೊರತಂದಾಗ ನಮ್ಮವರೇ ಅಭಿವೃದ್ಧಿಪಡಿಸಿದ ಕಾರೆಂದು ಸಂತೋಷಪಟ್ಟೆವು. ಮರುವರ್ಷವೇ ಬಿಡದಿಯಲ್ಲಿ ಜಪಾನಿನ ಟೊಯೊಟಾ, ನಮ್ಮ ಕಿರ್ಲೋಸ್ಕರರ ಸಹಭಾಗಿತ್ವದಲ್ಲಿ, ವಾಹನಗಳ ಉತ್ಪಾದನೆಯನ್ನು ಆರಂಭಿಸಿತು.

ಇಲ್ಲೊಂದು ತಪ್ಪೊಪ್ಪಿಗೆ. ಆ ವರ್ಷಗಳಲ್ಲಿ ನನ್ನ ಶಿಷ್ಯನೊಬ್ಬ ವಿದೇಶಿ ಕಾರು ಕಂಪನಿಯೊಂದರಲ್ಲಿ ಕೆಲಸಕ್ಕೆ ಸೇರಿ, ಸಿಹಿ ಹಿಡಿದು ಮನೆಗೆ ಬಂದಿದ್ದ. "ವಿಶ್ವೇಶ್ವರಯ್ಯನವರ ಊರಿನಲ್ಲಿ ಓದಿ ಪರದೇಶದವರ ಚಾಕರಿಗೆ ಹೋದೆಯಾ?" ಎಂದು ಅವನ ತಂದೆಯ ಎದುರಿಗೇ ಆಡಿಬಿಟ್ಟೆ. ಅವನು ತಲೆತಗ್ಗಿಸಿ ಹೊರಟುಹೋದ. ಭದ್ರಾವತಿ ತಯಾರಿಸುತ್ತಿದ್ದ ಮಿಶ್ರ ಉಕ್ಕಿಗೆ ವಾಹನ ಬಿಡಿಭಾಗಗಳ ಉದ್ಯಮವೂ ಗ್ರಾಹಕನೆಂಬುದು ಆಗ ನನ್ನ ಬುದ್ಧಿಗೆ ಬರಲಿಲ್ಲ.

1989ರಲ್ಲಿ ಸೈಲ್ ಆಡಳಿತಕ್ಕೆ ಸೇರಿದ ನಮ್ಮ ಕಾರ್ಖಾನೆಯನ್ನು ಮುಚ್ಚುವ ತೀರ್ಮಾನ 2023ರ ಜನವರಿಯಲ್ಲಿ ಹೊರಬಿದ್ದಾಗ ಕಾರ್ಮಿಕರು ಬೀದಿಗಿಳಿದು ಹೋರಾಡಿದರು. ಸ್ವದೇಶಿಯ ಮಾತನಾಡುತ್ತಿದ್ದ ನಾವೆಷ್ಟು ಮಂದಿ ಅವರ ಪಕ್ಕದಲ್ಲಿ ಕುಳಿತೆವು? ನಾನಂತೂ ಮನೆಯಲ್ಲಿ ಪತ್ರಿಕೆ ಓದಿದೆ, ಅಷ್ಟೆ.

ಅಳಿಯನಿಗೆ ಹೀಗೆಂದೆ: "ಕಾರಿನ ಹಣೆಯ ಮೇಲಿನ ಹೆಸರನ್ನಷ್ಟೇ ನೋಡಬೇಡ. ಎಲ್ಲಿ ತಯಾರಾಯಿತು, ಬಿಡಿಭಾಗ ಎಲ್ಲಿಯದು, ನಮ್ಮ ಹುಡುಗರು ಅದರಲ್ಲಿ ಏನು ಕಲಿತರು ಎಂದು ವಿಚಾರಿಸು. ಬೆಲೆ, ಭದ್ರತೆ ಸರಿಯಿದ್ದರೆ ನಮ್ಮವರದನ್ನೇ ಕೊಳ್ಳು. ಇಲ್ಲದಿದ್ದರೆ ಸಂಕೋಚ ಬೇಡ."

ಆ ಶಿಷ್ಯ ಇದನ್ನು ಓದುತ್ತಿದ್ದರೆ ಒಂದು ಮಾತು: ಮಗೂ, ಅಂದು ನಿನ್ನ ಸಿಹಿಯನ್ನು ನಾನು ಬಾಯಿಗೂ ಹಾಕಿಕೊಳ್ಳಲಿಲ್ಲ. ಮನೆಯ ಬಾಗಿಲು ತೆರೆದಿದೆ, ಬಂದು ಹೋಗು.

ಇಂತಿ ನಿಮ್ಮ,
ಮೇಷ್ಟ್ರು