ಗೋಮತಿಯ ದಡದಲ್ಲಿ ಹೂತುಹೋದ ದೋಣಿ

ಲಖನೌ ಎಂದಕೂಡಲೇ ನಮಗೆ ನೆನಪಾಗುವುದು ಇಮಾಮ್‌ಬಾಡಾ, ಚಿಕನ್ ಕಸೂತಿ, ಮುಷಾಯಿರಾ. ಅದು ದೋಣಿಗಳ ಊರೂ ಆಗಿತ್ತು ಎಂಬುದನ್ನು ನಾವು ಮರೆತೇಬಿಟ್ಟಿದ್ದೇವೆ.

ಗೋಮತಿ ನದಿಯ ದಡದಲ್ಲಿರುವ ಫರ್ಹತ್ ಬಕ್ಷ್ ಕೋಠಿಯನ್ನು 1781ರಲ್ಲಿ ಕಟ್ಟಿಸಿದವನು ಫ್ರೆಂಚ್ ಮೂಲದ ಕ್ಲಾಡ್ ಮಾರ್ಟಿನ್. 1792ರಲ್ಲಿ ಶ್ರೀರಂಗಪಟ್ಟಣಕ್ಕೆ ಮುತ್ತಿಗೆ ಹಾಕಿದ ಕಾರ್ನ್‌ವಾಲಿಸನ ಸೇನೆಯಲ್ಲಿ, ಟಿಪ್ಪುವಿನ ವಿರುದ್ಧ ಇದ್ದವನೂ ಇವನೇ. ಕೋಠಿಯ ಕೆಳ ಅಂತಸ್ತುಗಳನ್ನು ನದಿಯ ಮಟ್ಟಕ್ಕೇ ಕಟ್ಟಲಾಗಿತ್ತು. ಬೇಸಿಗೆಯಲ್ಲಿ ಅಲ್ಲಿ ನೀರಿನ ತಂಪು. ಮಳೆಗಾಲದಲ್ಲಿ ಗೋಮತಿ ಒಳಗೇ ನುಗ್ಗಿದಾಗ ಮಾರ್ಟಿನ್ ಮೇಲಿನ ಅಂತಸ್ತಿಗೆ ಹೋಗುತ್ತಿದ್ದ.

1800ರಲ್ಲಿ ಅವನು ತೀರಿಕೊಂಡ ಮೇಲೆ ನವಾಬ್ ಸಆದತ್ ಅಲಿ ಖಾನ್ ಕೋಠಿಯನ್ನು ಕೊಂಡರು. ಪಕ್ಕದ ಛತ್ತರ್ ಮಂಜಿಲನ್ನು ಗಾಜಿಉದ್ದೀನ್ ಹೈದರ್ ಆರಂಭಿಸಿದರು, ಮಗ ನಸೀರುದ್ದೀನ್ ಪೂರ್ಣಗೊಳಿಸಿದರು. ಗುಮ್ಮಟದ ಮೇಲಿನ ಛತ್ರಿಯಿಂದಲೇ ಆ ಹೆಸರು. 1858ರಲ್ಲಿ ಫೆಲಿಸ್ ಬೀಟೊ ತೆಗೆದ ಛಾಯಾಚಿತ್ರದಲ್ಲಿ ಈ ಅರಮನೆಯೆದುರು ಮೀನಿನಾಕಾರದ ರಾಜದೋಣಿಯೊಂದು ನಿಂತಿದೆ. ಮೀನು ಅವಧದ ರಾಜಲಾಂಛನ.

ಆ ಹೊತ್ತಿಗೆ ದೋಣಿಯ ಒಡೆಯರು ಅಲ್ಲಿರಲಿಲ್ಲ. 1856ರಲ್ಲಿ ಕಂಪನಿ ಅವಧವನ್ನು ಕಬಳಿಸಿ ವಾಜಿದ್ ಅಲಿ ಶಾಹರನ್ನು ಗದ್ದುಗೆಯಿಂದ ಇಳಿಸಿತ್ತು. 1857ರ ಕದನದಲ್ಲಿ ಈ ಕಟ್ಟಡಗಳೂ ಗುಂಡೇಟು ತಿಂದವು. ಮುಂದೆ ಛತ್ತರ್ ಮಂಜಿಲ್ ಇಂಗ್ಲಿಷ್ ಅಧಿಕಾರಿಗಳ ಕ್ಲಬ್ ಆಯಿತು. 1951ರಿಂದ ಸುಮಾರು ಆರು ದಶಕ ಅಲ್ಲಿ ಕೇಂದ್ರೀಯ ಔಷಧ ಸಂಶೋಧನಾ ಸಂಸ್ಥೆ ನಡೆಯಿತು. ಬೇಗಮರ ಕೋಣೆಗಳು ಪ್ರಯೋಗಾಲಯಗಳಾದವು. ನೆಲಮಾಳಿಗೆಗಳು ಮಣ್ಣಿನಡಿ ಸೇರಿದವು.

ಸಂಸ್ಥೆ ಬೇರೆಡೆಗೆ ಹೋದ ಬಳಿಕ ಜೀರ್ಣೋದ್ಧಾರದ ಕೆಲಸ ಶುರುವಾಯಿತು. 2019ರಲ್ಲಿ ಆವರಣದ ಮಣ್ಣು ತೆಗೆಯುವಾಗ ಸುಮಾರು 42 ಅಡಿ ಉದ್ದದ ಮರದ ದೋಣಿಯೊಂದು ಸಿಕ್ಕಿತು. ನವಾಬರೆಂದರೆ ಬರೀ ಭೋಗವಿಲಾಸ ಎಂಬ ಕಥೆಯನ್ನು ನಮಗೆ ಹೇಳಿಕೊಟ್ಟವರು, ಅವರ ರಾಜ್ಯವನ್ನು ನುಂಗಿದವರೇ. ಈ ದೋಣಿಯ ಹಲಗೆಗಳು ಹೇಳುವುದು ಬೇರೆ ಕಥೆ: ಇದನ್ನು ಕಟ್ಟಿದ ಬಡಗಿಗಳದು, ನಡೆಸಿದ ಅಂಬಿಗರದು, ನದಿಯ ಏರಿಳಿತ ಅರಿತು ಗೋಡೆ ಎಬ್ಬಿಸಿದ ಗಾರೆಯವರದು. ಅವರ ಹೆಸರು ಯಾವ ಶಿಲಾಫಲಕದಲ್ಲೂ ಇಲ್ಲ.

ಈಗ ಛತ್ತರ್ ಮಂಜಿಲನ್ನು ಪಾರಂಪರಿಕ ಹೋಟೆಲ್ ಮಾಡುವ ಸರ್ಕಾರಿ ಯೋಜನೆ ಇದೆ. ಹೋಟೆಲ್ ಆಗುವುದಾದರೆ ಆಗಲಿ. ಆದರೆ ಆ ನೆಲಮಾಳಿಗೆ, ಆ ದೋಣಿ ಕೋಣೆಯ ಬಾಡಿಗೆ ಕೊಡಬಲ್ಲವರ ಪಾಲಿಗಷ್ಟೇ ಉಳಿಯಬಾರದು. ಗೋಮತಿಯ ದಡದ ಶಾಲೆಯ ಮಕ್ಕಳು ಟಿಕೆಟಿನ ಹಂಗಿಲ್ಲದೆ ಒಳಹೊಕ್ಕು, ತಮ್ಮ ಊರಿನ ಅಂಬಿಗರ ದೋಣಿಯನ್ನು ಕಣ್ಣಾರೆ ನೋಡುವಂತಾಗಬೇಕು.