ಗರ್ಜನೆಯಿಂದ ಮೆಲುದನಿಗೆ

ದೇವದುರ್ಗ, ಮಾನವಿಯ ಹಳ್ಳಿಗಳಲ್ಲಿ ಬಯಲಾಟ ಕಂಡವರಿಗೆ ರಾವಣನ ಪ್ರವೇಶವೆಂದರೇನೆಂದು ವಿವರಿಸಬೇಕಾಗಿಲ್ಲ. ಮದ್ದಳೆಯ ಪೆಟ್ಟಿಗೆ ಅಟ್ಟ ನಡುಗಬೇಕು; ಕಟ್ಟಕಡೆಯಲ್ಲಿ ಕಂಬಳಿ ಹೊದ್ದು ತೂಕಡಿಸುವ ಮುದುಕನೂ ಎದ್ದು ಕೂಡಬೇಕು. ಧ್ವನಿವರ್ಧಕವಿಲ್ಲದ ಕಾಲದಲ್ಲಿ ಕಂಠವೇ ನಟನ ಮೂಲಧನ. ವೃತ್ತಿ ನಾಟಕ ಮಂಡಳಿಗಳಲ್ಲಿಯೂ ಇದೇ ನಿಯಮ. ಆ ಧನವನ್ನು ಸಂಪಾದಿಸಿಯೂ ಅದನ್ನು ಬದಿಗಿಡಲು ಕಲಿತವರು ಆರ್. ನಾಗೇಂದ್ರರಾಯರು.

1896ರಲ್ಲಿ ಹೊಳಲ್ಕೆರೆಯಲ್ಲಿ ಜನಿಸಿದ ರಾಯರು ಚಿಕ್ಕಂದಿನಲ್ಲೇ ರಂಗವನ್ನೇರಿದರು. ಮುಂದೆ ಎಂ. ವಿ. ಸುಬ್ಬಯ್ಯನಾಯ್ಡು ಅವರೊಡನೆ ಸಾಹಿತ್ಯ ಸಾಮ್ರಾಜ್ಯ ನಾಟಕ ಮಂಡಳಿಯನ್ನು ನಡೆಸಿದರು. 1934ರಲ್ಲಿ ತೆರೆಕಂಡ ಮೊದಲ ಕನ್ನಡ ವಾಕ್ಚಿತ್ರ 'ಸತಿ ಸುಲೋಚನ'ದಲ್ಲಿ ನಾಯ್ಡು ಇಂದ್ರಜಿತು, ರಾಯರು ರಾವಣ. ಚಿತ್ರೀಕರಣ ನಡೆದುದು ಕೊಲ್ಹಾಪುರದಲ್ಲಿ. ನಮ್ಮ ರಾಯಚೂರು ಆಗ ನಿಜಾಮರ ಸಂಸ್ಥಾನಕ್ಕೆ ಸೇರಿದ್ದು, ಕಚೇರಿಯಲ್ಲಿ ಉರ್ದುವೇ ನಡೆಯುತ್ತಿತ್ತು. ಬೆಳ್ಳಿತೆರೆ ಕನ್ನಡ ಮಾತಾಡಿತೆಂಬುದು ಅಂಥ ದಿನಗಳಲ್ಲಿ ಸಣ್ಣ ಸಂಗತಿಯಲ್ಲ.

ರಾಯರು ನಟನೆಗೇ ನಿಲ್ಲಲಿಲ್ಲ. 1943ರಲ್ಲಿ ನಾಯ್ಡು ಅವರನ್ನೇ ನಾಯಕರನ್ನಾಗಿಸಿ 'ಸತ್ಯ ಹರಿಶ್ಚಂದ್ರ'ವನ್ನು ನಿರ್ದೇಶಿಸಿದರು, ಎ. ವಿ. ಮೆಯ್ಯಪ್ಪನ್ ಅದಕ್ಕೆ ತಮಿಳು ದನಿ ಕೂಡಿಸಿ ಮರುವರ್ಷ ತೆರೆಗೆ ತಂದರು. ಬಳಿಕ 1947ರಲ್ಲಿ 'ಮಹಾತ್ಮ ಕಬೀರ್', 1957ರಲ್ಲಿ 'ಪ್ರೇಮದ ಪುತ್ರಿ' ಬಂದವು. 1961ರ 'ವಿಜಯನಗರದ ವೀರಪುತ್ರ'ದಲ್ಲಿ ಮಗ ಸುದರ್ಶನ್ ನಾಯಕರಾದರು. ಇನ್ನಿಬ್ಬರು ಮಕ್ಕಳಲ್ಲಿ ಜಯಗೋಪಾಲ್ ಗೀತರಚನೆಗೂ ಪ್ರಸಾದ್ ಛಾಯಾಗ್ರಹಣಕ್ಕೂ ಹೆಸರಾದರು.

ಆದರೂ ರಾಯರ ನಿಜವಾದ ಸಾಧನೆ 1968ರ 'ಹಣ್ಣೆಲೆ ಚಿಗುರಿದಾಗ' ಚಿತ್ರದಲ್ಲಿದೆಯೆಂದು ನನ್ನ ಎಣಿಕೆ. ತ್ರಿವೇಣಿಯವರ ಕಾದಂಬರಿಯನ್ನಾಧರಿಸಿದ ಆ ಚಿತ್ರದಲ್ಲಿ ಅವರದು ವಿಧವೆಯಾದ ಮಗಳ ತಂದೆಯ ಪಾತ್ರ. ಅಲ್ಲಿ ಗದೆಯಿಲ್ಲ, ಕಿರೀಟವಿಲ್ಲ. ಎಪ್ಪತ್ತು ದಾಟಿದ ನಟ ಮನೆಯ ಪಡಸಾಲೆಯಲ್ಲಿ ಕುಳಿತು ಆಡುವ ಮಾತು ಎದುರಿಗಿದ್ದವರಿಗೆ ಕೇಳಿಸಿದರೆ ಸಾಕು. ಧ್ವನಿಗ್ರಾಹಕದ ಮುಂದೆ ಕಂಠಕ್ಕಿಂತ ಮೌನ ದೊಡ್ಡದೆಂಬುದನ್ನು ಅವರು ಅರಿತಿದ್ದರು.

1976ರಲ್ಲಿ ಪದ್ಮಶ್ರೀ ಪಡೆದ ರಾಯರು ಮರುವರ್ಷ ತೀರಿಕೊಂಡರು. 'ಸತಿ ಸುಲೋಚನ'ದ ಪ್ರತಿ ಇಂದು ದೊರೆಯುವುದಿಲ್ಲ. ಮೆಲುದನಿ ಉಳಿಯಿತು; ಗರ್ಜನೆ ಅಳಿಯಿತು.

ಆ ಗರ್ಜನೆಯ ದಾಯಾದಿಗಳು ನಮ್ಮ ಹಳ್ಳಿಗಳಲ್ಲಿದ್ದಾರೆ. ರಾವಣನ ಮಾತುಗಳನ್ನು ಇಂದಿಗೂ ಬಾಯಲ್ಲಿಟ್ಟುಕೊಂಡ ಮುಪ್ಪಿನ ವೇಷಧಾರಿಗಳು ಅವರು. ಇಂದು ದನಿಯನ್ನು ಹಿಡಿದಿಡುವ ಯಂತ್ರ ಪ್ರತಿ ವಿದ್ಯಾರ್ಥಿಯ ಕಿಸೆಯಲ್ಲಿದೆ. ಅವರ ಜಗಲಿಗೆ ಹೋಗಿ ಕೂಡುವಷ್ಟು ಪುರುಸೊತ್ತು ನಮಗಿದೆಯೇ?