ಕೆರೆ ಕಟ್ಟಿದ ಕೈ, ತನ್ನನ್ನು ಅರಿತ ಮನ

ಸೊಲ್ಲಾಪುರದ ಸಿದ್ಧೇಶ್ವರ ಕೆರೆಯನ್ನು ನಮ್ಮ ಶಾಲೆಯ ಮಕ್ಕಳೆಲ್ಲ ನೋಡಿದ್ದಾರೆ. ಸಂಕ್ರಾಂತಿಯ ಗಡ್ಡಾ ಜಾತ್ರೆಯಲ್ಲಿ ಅಪ್ಪನ ಹೆಗಲೇರಿ ನಂದಿಧ್ವಜ ನೋಡಿದವರೂ ಇದ್ದಾರೆ. 1960ರಲ್ಲಿ ಮಹಾರಾಷ್ಟ್ರ ರಾಜ್ಯವಾದಾಗ ಈ ಊರು ಅದರೊಳಗೆ ಸೇರಿತು. 12ನೇ ಶತಮಾನದಲ್ಲಿ ಇದರ ಹೆಸರು ಸೊನ್ನಲಿಗೆ. ಕಪಿಲಸಿದ್ಧಮಲ್ಲಿಕಾರ್ಜುನ ಎಂಬ ಅಂಕಿತದಲ್ಲಿ ಕನ್ನಡ ವಚನ ರಚಿಸಿದ ಸಿದ್ಧರಾಮನ ಊರು ಇದು.

ಮನುಷ್ಯ ದೊಡ್ಡವನಾಗುವುದು ಮಾಡುವ ಕೆಲಸದಿಂದಲೋ, ಒಳಗಿನ ಅರಿವಿನಿಂದಲೋ? ಈ ಹಳೆಯ ಪ್ರಶ್ನೆಗೆ ಸಿದ್ಧರಾಮನ ಬದುಕನ್ನು ಹೇಳುವ ಎರಡು ಕೃತಿಗಳಲ್ಲಿ ಎರಡು ಬಗೆಯ ಉತ್ತರಗಳಿವೆ.

ರಾಘವಾಂಕ ಕವಿಯ 'ಸಿದ್ಧರಾಮ ಚಾರಿತ್ರ'ದಲ್ಲಿ ಕಾಣುವವನು ಕರ್ಮಯೋಗಿ. ಶ್ರೀಶೈಲದ ಮಲ್ಲಯ್ಯನನ್ನು ಹುಡುಕಿಕೊಂಡು ಹೋದ ಬಾಲಕ ಊರಿಗೆ ಮರಳಿ ಗುಡಿ ಕಟ್ಟಿದ, ಕೆರೆ ಕಟ್ಟಿದ. ಇಲ್ಲಿ ಪರರ ಹಿತಕ್ಕೆ ದುಡಿಯುವುದೇ ಪೂಜೆ.

15ನೇ ಶತಮಾನದಲ್ಲಿ ಶಿವಗಣಪ್ರಸಾದಿ ಮಹಾದೇವಯ್ಯ ಮೊದಲು ಸಂಕಲಿಸಿದ 'ಶೂನ್ಯಸಂಪಾದನೆ'ಯಲ್ಲಿ ಕಥೆ ಬೇರೆ. ಅಲ್ಲಮಪ್ರಭು ಸೊನ್ನಲಿಗೆಗೆ ಬಂದು, ಕೆರೆಯ ಕೆಲಸದವರ ಮುಂದೆ ಸಿದ್ಧರಾಮನನ್ನು 'ಒಡ್ಡರಾಮ' ಎಂದು ಕೆಣಕುತ್ತಾನೆ. ಶಿಷ್ಯರು ಕಲ್ಲು ಬೀರುತ್ತಾರೆ. ಸಿದ್ಧರಾಮನೂ ಸಿಟ್ಟಿನಿಂದ ಉರಿಯುತ್ತಾನೆ. ಇಷ್ಟು ಪುಣ್ಯದ ಕೆಲಸ ಮಾಡಿದವನಲ್ಲಿಯೂ 'ನಾನು ಮಾಡಿದೆ' ಎಂಬುದು ಉಳಿದಿತ್ತು. ಅಲ್ಲಮ ತೋರಿಸಿಕೊಟ್ಟದ್ದು ಅದನ್ನೇ. ಕೈ ಎಷ್ಟೇ ದುಡಿದರೂ ತಾನು ಯಾರೆಂಬ ಅರಿವು ಹುಟ್ಟದಿದ್ದರೆ ಮನುಷ್ಯ ತನ್ನ ಕೆಲಸಕ್ಕೇ ಕಟ್ಟುಬೀಳುತ್ತಾನೆ. ಮುಂದೆ ಸಿದ್ಧರಾಮ ಅಲ್ಲಮನೊಡನೆ ಕಲ್ಯಾಣಕ್ಕೆ ಹೋಗಿ ಶರಣರಲ್ಲಿ ಒಂದಾದ.

ಕೆಲವು ವರ್ಷಗಳ ಹಿಂದೆ ಏಳನೇ ತರಗತಿಯಲ್ಲಿ ನಾವು ಈ ಕಥೆ ಹೇಳುತ್ತಿದ್ದೆವು. 'ಒಡ್ಡರಾಮ' ಎಂದ ಕೂಡಲೇ ಹಿಂದಿನ ಸಾಲಿನ ಹುಡುಗರು ನಕ್ಕರು. ಕಲ್ಲು ಒಡೆಯುವ ಮನೆಯ ಹುಡುಗನೊಬ್ಬ ತಲೆ ತಗ್ಗಿಸಿದ. ಆ ಮಾತು ಅವನಿಗೆ ಬೈಗುಳವಾಗಿ ತಾಗೀತೆಂದು ನಾವು ಮೊದಲೇ ಯೋಚಿಸಿರಲಿಲ್ಲ, ತಪ್ಪು ನಮ್ಮದೇ. ಪಾಠ ಮುಗಿದ ಮೇಲೆ ಅವನು ಮೆಲ್ಲಗೆ ಕೇಳಿದ, "ಸರ, ಕೆರಿ ತೋಡಿದವ್ರು ನಮ್ಮ ಮಂದಿನೇ ಅಲ್ಲೇನ್ರಿ?"

ಮರುದಿನ ಅದನ್ನೇ ಪಾಠ ಮಾಡಿದೆವು. ಒಡ್ಡರು ಅಂದರೆ ಭೋವಿ ಸಮಾಜದವರು ಇಂದಿಗೂ ಸಿದ್ಧರಾಮನನ್ನು ತಮ್ಮ ಕುಲಗುರುವೆಂದು ಪೂಜಿಸುತ್ತಾರೆ ಎಂದು ಹೇಳಿದೆವು. ಅಲ್ಲಮನ ಮಾತು ತಾಗಿದ್ದು ಕೆಲಸಕ್ಕಲ್ಲ, ಅಹಂಕಾರಕ್ಕೆ ಎಂದೂ ಬಿಡಿಸಿ ಹೇಳಿದೆವು. ನಿನ್ನೆ ನಕ್ಕವರು ಸುಮ್ಮನೆ ಕೇಳಿದರು.

ನಮಗೆ ತಿಳಿದ ಮಟ್ಟಿಗೆ ಈ ಎರಡು ಕೃತಿಗಳು ಒಂದಕ್ಕೊಂದು ವೈರಿಗಳಲ್ಲ. ಅರಿವು ಬಂತೆಂದು ಸಿದ್ಧರಾಮ ಕೆರೆಯ ಒಡ್ಡು ಒಡೆಯಲಿಲ್ಲ. 'ನನ್ನ ಕೆರೆ' ಎಂಬುದು ಹೋಯಿತು, ನೀರು ಉಳಿಯಿತು. ಮಕ್ಕಳೇ, ಮುಂದಿನ ಸಂಕ್ರಾಂತಿಗೆ ಆ ಮೆಟ್ಟಿಲ ಮೇಲೆ ನಿಂತಾಗ ಸಿದ್ಧರಾಮನಿಗೆ ಕೈಮುಗಿಯಿರಿ. ಹೆಸರಿಲ್ಲದೆ ಮಣ್ಣು ಹೊತ್ತವರನ್ನೂ ನೆನೆಯಿರಿ.